ಸಕ್ಕರೆ ಅಳೆಯಲು ಹೋದವಳು

ಎವಾಸಿಯೊ ಮಾವ ಐದು ಬಟ್ಟೆಚೀಲ ಕೊಟ್ಟ,
ಒಂದೊಂದಕ್ಕೂ ಒಂದೊಂದು ಬಣ್ಣದ ದಾರ.
"ಐದು ತೋಟ, ತೋಟಕ್ಕೆ ನೂರು ದ್ರಾಕ್ಷಿ.
ಬಿಸಿಲಿನದೂ ಬೇಕು, ನೆರಳಿನದೂ ಬೇಕು.
ಕಣ್ಣಿಗೆ ಚಂದ ಕಂಡದ್ದನ್ನೇ ಆರಿಸಿ ತಂದು
ನನಗೆ ಸುಳ್ಳು ಹೇಳಬೇಡ."
ಜೀಪಿನ ಬೀಗದಕೈ ಮಾತ್ರ ಕೊಡಲಿಲ್ಲ.
ಜೀಪಿನಲ್ಲಿ ಹೋದವರಿಗೆ ಹಣ್ಣು ಕಾಣುವುದಿಲ್ಲವಂತೆ.
(ಡೀಸೆಲ್ ದುಬಾರಿ ಎಂದು ಬಾಯಿಬಿಡುವ ಗಂಡಸಲ್ಲ.)

ಒಲಿವೊಲಾದ ಇಗರ್ಜಿ ದಾಟಿದರೆ ಡಾಂಬರು
ನಿಂತುಬಿಡುತ್ತದೆ, ಹೇಳಬಂದದ್ದು ಮರೆತವರ ಹಾಗೆ.
ಆಮೇಲೆ ಬರೀ ಗರಸು.
ಗರಸಿನ ಜೊತೆ ವಾದಿಸಬಾರದು.
ಬ್ರೇಕು ಬಿಗಿಹಿಡಿದೆಯೋ, ಮಣ್ಣು ಮುಕ್ಕಿಸುತ್ತದೆ.
ಕೈ ಸಡಿಲಬಿಟ್ಟು, ಕಣ್ಣನ್ನು ಕಲ್ಲಿನ ಮೇಲಿಡದೆ
ಕಲ್ಲಿನಾಚೆಗಿಟ್ಟರೆ ದಾಟಿಸುತ್ತದೆ.
ಪ್ರತಿ ಸಲವಲ್ಲ.
ಇಳಿಜಾರಿನಲ್ಲಿ ಹಲ್ಲು ಕಟಕಟ, ಬೆಲ್ಲು ತಾನಾಗಿ ಕಿಣಿಕಿಣಿ;
ಏರಿನಲ್ಲಿ ಮೂಗು ಹ್ಯಾಂಡಲಿಗೆ ತಾಗುವಷ್ಟು ಬಾಗಿ
ಮೊದಲ ಗೇರು. ಅದಕ್ಕಿಂತ ಕೆಳಗೆ ಗೇರಿಲ್ಲ,
ಅದಕ್ಕಿಂತ ಕೆಳಗಿರುವುದು ಬೈಗುಳ.

ಮೊದಲ ತೋಟ ಬಾರ್ಬೆರಾ, ಕೆಂಪು ದಾರ.
ಎರಡನೆಯದು ಗ್ರಿನ್ಯೊಲಿನೊ, ತಿರುಳಿಗಿಂತ ಬೀಜವೇ ಜಾಸ್ತಿ,
ಉಗಿಯುತ್ತಲೇ ಅರ್ಧ ಗುಡ್ಡ ಹತ್ತಿದೆ.
ಮೂರನೆಯದಕ್ಕೆ ರಾತ್ರಿ ಕಾಡುಹಂದಿ ಬಂದುಹೋಗಿತ್ತು,
ಕೆಳಸಾಲು ಪೂರ್ತಿ ಖಾಲಿ, ಗುಡಿಸಿ ಒರೆಸಿದ ಹಾಗೆ.
ಸಕ್ಕರೆ ಅಳೆಯಲು ಹಂದಿಗೆ ಯಂತ್ರ ಬೇಡ.

ಚೆಲ್ಲಾ ಮೊಂತೆಯ ಗೋಡೆಕಲ್ಲಿನಲ್ಲಿ ಚಿಪ್ಪುಗಳಿವೆ.
ಊರಿಗೂ ಮೊದಲು, ಬಳ್ಳಿಗೂ ಮೊದಲು
ಇಲ್ಲಿ ಮೀನು ಓಡಾಡುತ್ತಿತ್ತು. ಈಗ ನಾನು.
ಮನೆ ಮನೆಯ ಕೆಳಗೂ, ಚಳಿಗಾಲದ ಬಿಡುವಿನಲ್ಲಿ
ಮುತ್ತಜ್ಜಂದಿರು ಉಳಿಯಿಂದ ಕೊರೆದ ಗುಹೆಗಳು,
ಬಾಟಲಿಗೊಂದು ಗೂಡು, ಕಿಟಕಿಯಿಲ್ಲ, ಬೆಳಕಿಲ್ಲ.
ನಮ್ಮ ಮಾತಿನಲ್ಲಿ ಅದರ ಹೆಸರು ಪುಟ್ಟ ನರಕ.
ಒಳಗೆ ಎಂಥ ತಂಪು ಎಂದರೆ
ಆಗಸ್ಟಿನಲ್ಲಿ ಊರಿಗೆ ಊರೇ ಪಾಪ ಮಾಡಲು ಸಿದ್ಧ.

"ಯಾರ ಮಗಳೇ ನೀನು?"
ತೆರ್ಸಿಲ್ಲಾ ಅಜ್ಜಿ ಪ್ರತಿ ಸಲವೂ ಕೇಳುತ್ತಾಳೆ,
ಗೊತ್ತಿದ್ದೇ ಕೇಳುತ್ತಾಳೆ, ನಿಲ್ಲಿಸಲಿ ಎಂದು.
ಲೋಟ ತುಂಬ ನೀರು ಕೊಟ್ಟಳು. ಆಮೇಲೆ ಒಂದು ಕಾಲುಚೀಲ,
ಒಳಗೆ ಅವಳ ಬಾಗಿಲ ಚಪ್ಪರದ ಕಪ್ಪು ದ್ರಾಕ್ಷಿ:
ಸ್ಟ್ರಾಬೆರಿ ವಾಸನೆಯದು,
ವೈನು ಮಾಡಿ ಮಾರಿದರೆ ದಂಡ ಬೀಳುವಂಥದು.
"ಇದನ್ನೂ ಅಳೆಸು. ಯಾರದ್ದೆಂದು ಹೇಳಬೇಡ."
ಸೀಟಿನ ಕೆಳಗೆ ಗಂಟು ಹಾಕಿಕೊಂಡೆ.
ಕಾಲುಚೀಲ ಒಗೆದದ್ದಾಗಿತ್ತು, ದೇವರ ದಯೆ.

ಅಷ್ಟರಲ್ಲಿ ಹೊರದೇಶದ ನಾಲ್ವರು, ಮಿರಿಮಿರಿ ಬಟ್ಟೆ,
ನನ್ನ ಇಡೀ ಸೈಕಲ್ಲು ಅವರ ಒಂದು ಚಕ್ರದಷ್ಟು ಬೆಲೆಯಿಲ್ಲ.
ಏರಿನಲ್ಲಿ ನನ್ನನ್ನು ಹಿಂದೆ ಹಾಕಿದರು,
ತುದಿಯಲ್ಲಿ ಫೋಟೊಗೆಂದು ನಿಂತರು. ನಾನೂ ನಿಲ್ಲಬಹುದಿತ್ತು.
ಮೂರ್ಖತನ ನೋಡಿ, ಇಳಿಜಾರಿನಲ್ಲಿ
ಅವರಿಗೆ ತೋರಿಸಿಕೊಡಲು ಹೋದೆ.
ಟ್ರ್ಯಾಕ್ಟರು ಕೊರೆದಿಟ್ಟ ಜಾಡು, ಒದ್ದೆ ಜೇಡಿ,
ಮುಂದಿನ ಚಕ್ರ ಒಂದು ದಾರಿ, ನಾನೊಂದು ದಾರಿ.
ಎದ್ದು ಕೂರುವಷ್ಟರಲ್ಲಿ ಐದೂ ತೋಟ ಒಂದೇ ತೋಟ,
ಐದೂ ದಾರಕ್ಕೆ ಒಂದೇ ಬಣ್ಣ.
ಯಾವುದು ಮೊಣಕಾಲಿನದು ಯಾವುದು ಬಾರ್ಬೆರಾದ್ದು
ಕಣಜಗಳಿಗೂ ತಿಳಿಯಲಿಲ್ಲ.
ಆ ನಾಲ್ವರೇ ಬಂದು ಪಟ್ಟಿ ಕಟ್ಟಿದರು,
ಬಾಗಿದ ಹ್ಯಾಂಡಲು ತಿರುಗಿಸಿ ಕೊಟ್ಟರು.
ಅವರ ಭಾಷೆಯಲ್ಲಿ ನಕ್ಕರು,
ನನ್ನ ಭಾಷೆಯಲ್ಲಿ ನಕ್ಕೆ.

ಮಾವ ಚೀಲಗಳನ್ನು ನೋಡಿದ. ಮಾತಾಡಲಿಲ್ಲ.
ಉಳಿದದ್ದು ಕಾಲುಚೀಲ.
ಒಂದು ಹಣ್ಣು ಹಿಸುಕಿ ಗಾಜಿನ ಮೇಲೆ ಬಿಟ್ಟು
ನಳಿಗೆಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿದ:
"ಹತ್ತೊಂಬತ್ತು. ಯಾರ ತೋಟ?"
ಸುಳ್ಳು ಹೇಳಬಾರದು, ಹೆಸರೂ ಹೇಳಬಾರದು.
"ಒಂದೇ ಬಳ್ಳಿ," ಎಂದೆ.
ಬೆರಳು ನೆಕ್ಕಿದ. ಇನ್ನೊಮ್ಮೆ ನೆಕ್ಕಿದ.
ಚೆಲ್ಲಾ ಮೊಂತೆಯ ದಿಕ್ಕಿಗೆ
ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿದ.

"ನಾಳೆ ಮತ್ತೆ ಹೋಗು," ಎಂದ,
ಸೈಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕುಳಿತ.
"ಇಷ್ಟೊಂದು ಗಾಳಿ ತುಂಬಿಸಿದರೆ ಬೀಳದೆ ಏನು?
ಗರಸಿಗೆ ಬಿಗುಮಾನ ಆಗಿಬರುವುದಿಲ್ಲ."
ವಾಲ್ವನ್ನು ಉಗುರಿನಿಂದ ಒತ್ತಿದ.
ಸುಯ್ಯೆಂದು ಬಂದ ಗಾಳಿಯಲ್ಲಿ
ರಬ್ಬರು, ಬಿಳಿ ಧೂಳು,
ಅವನ ಬೆರಳಿನದೋ ಏನೋ,
ಒಂದು ಚೂರು ಸ್ಟ್ರಾಬೆರಿ.